ಮಸಣವನ್ನು ಹುಡುಕುವುದು ಅಮಂಗಳವೇ?

ಬೆಂಗಳೂರಿನ ಪೂರ್ವದಿಕ್ಕಿನಲ್ಲಿರುವ ಇಂದಿರಾನಗರವೆಂಬ ಬಡಾವಣೆಯು ಹುಟ್ಟಿ ಇನ್ನೂ ಅರ್ಧಶತಮಾನದ ಆಸುಪಾಸು. ಅದಕ್ಕೆ ಮೊದಲು ಅಲ್ಲಿದ್ದುದು ಹಲಸೂರು, ದೊಮ್ಮಲೂರು, ಬಿನ್ನಮಂಗಲ, ತಿಪ್ಪಸಂದ್ರ, ಕೋಡಿಹಳ್ಳಿಗಳ ಹೊಲ, ತೋಪು, ಕೆರೆ, ಗೋಮಾಳಗಳು. ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ದೇವಾಲಯದಲ್ಲಿರುವ ಹದಿಮೂರನೆಯ ಶತಮಾನದ ತಮಿಳು ಶಾಸನಗಳು ಆ ಊರನ್ನು ತೊಂಬಲೂರೆಂದು ಕರೆಯುತ್ತವೆ. ಸುಮಾರು 1270ರ ಒಂದು ಶಾಸನದಲ್ಲಿ ವಿಣ್ಣಮಂಗಲದ ಕೆರೆಯ ಪ್ರಸ್ತಾಪವಿದ್ದು, ಅದೇ ಇಂದಿನ ಬಿನ್ನಮಂಗಲವೆಂದು ತಿಳಿದವರ ಮತ. ಏಳುನೂರೈವತ್ತು ವರುಷ ಜನರು ಬಾಳಿದ ಊರುಗಳಲ್ಲಿ ಅಷ್ಟೂ ವರುಷ ಜನರು ಸತ್ತೂ ಇರಬೇಕಷ್ಟೆ! ಅವರನ್ನು ಎಲ್ಲಿ ಹೂಳಿದರು, ಎಲ್ಲಿ ಸುಟ್ಟರು? ಈ ಪ್ರಶ್ನೆಯನ್ನು ಯಾವ ಸಭ್ಯಗೃಹಸ್ಥನ ಮುಂದಿಟ್ಟರೂ ಅವನ ಮುಖ ಗಂಟಿಕ್ಕುತ್ತದೆ. ಸಂಜೆಯ ಹೊತ್ತಿನಲ್ಲಿ ಅದೇನು ಮಾತು ಎನ್ನುತ್ತಾನೆ. ಬೆಳಗ್ಗೆ ಕೇಳಿದರೂ ಅದೇ ಉತ್ತರವೇ ಬರುವುದು.

ಮರೆತ ಮಸಣಗಳನ್ನು ಹುಡುಕಿ ಗುರುತಿಸಿ ಪಟ್ಟಿ ಮಾಡುವ ಕೆಲಸಕ್ಕೆ ವಿದ್ಯಾವಂತರ ಮನೆಗಳಿಂದ ಬರುವ ಮೊದಲ ಆಕ್ಷೇಪವೇ ಇದು: ಆ ಕೆಲಸ ಅಮಂಗಳ, ಅಶಾಸ್ತ್ರೀಯ, ಸುಡುವ ಸಂಪ್ರದಾಯದವರಿಗೆ ಗೋರಿಗಳ ಗೊಡವೆ ಏಕೆ ಎಂಬುದು. ಶಾಸ್ತ್ರದ ಹೆಸರೆತ್ತುವವರು ಶಾಸ್ತ್ರವನ್ನು ಸ್ವಲ್ಪ ಓದಿದ್ದರೆ ಚೆನ್ನಾಗಿತ್ತು. ಶ್ಮಶಾನವೆಂದರೆ ಶರೀರವು ಮಲಗುವ ಸ್ಥಳವೆಂದು ಯಾಸ್ಕನು ನಿರುಕ್ತದಲ್ಲಿ ವಿವರಿಸಿದ್ದಾನೆ. (ಇದನ್ನು ಈಗ ಎಲ್ಲರೂ ‘ಸ್ಮಶಾನ’ವೆಂದು ಬರೆಯುತ್ತಾರೆ, ಸ್ಥಳವನ್ನು ಮರೆತವರು ಹೆಸರನ್ನು ಮಾತ್ರ ಸರಿಯಾಗಿ ಉಳಿಸಿಕೊಂಡಾರೆಯೆ?) ಶತಪಥಬ್ರಾಹ್ಮಣದ ಹದಿಮೂರನೆಯ ಕಾಂಡದ ಎಂಟನೆಯ ಅಧ್ಯಾಯವು ಮೊದಲಿನಿಂದ ಕೊನೆಯವರೆಗೆ ಸತ್ತವನಿಗಾಗಿ ಮಣ್ಣಿನ ದಿಬ್ಬವನ್ನು ಕಟ್ಟುವ ವಿಧಿಯನ್ನೇ ಹೇಳುತ್ತದೆ. ಅದಕ್ಕೆ ಎಂತಹ ನೆಲ ಬೇಕು, ಯಾವ ಕಡೆಗೆ ಇಳಿಜಾರಿರಬೇಕು, ಎಷ್ಟು ಎತ್ತರವಿರಬೇಕು, ವೈದಿಕರದು ಚತುರಸ್ರವಾಗಿರುವಾಗ ಪ್ರಾಚ್ಯರು ಮೊದಲಾದವರದು ಹೇಗೆ ವರ್ತುಲಾಕಾರವಾಗಿರುತ್ತದೆ, ಎಲ್ಲವೂ ಅಲ್ಲಿದೆ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಅಸ್ಥಿಗಳನ್ನು ಆಯ್ದು ಕುಂಭದಲ್ಲಿಟ್ಟು, ಹಳ್ಳದಲ್ಲಿಳಿಸಿ, ಮೇಲೆ ಮುಚ್ಚುವ ಕ್ರಮವಿದೆ. ಇನ್ನೂ ವಿಚಿತ್ರವಾದುದೊಂದು ಮಾತನ್ನು ಶತಪಥವು ಹೇಳುತ್ತದೆ. ಮರಣವಾದೊಡನೆ ಅವಸರದಿಂದ ದಿಬ್ಬವನ್ನು ಕಟ್ಟಬಾರದು, ಸತ್ತು ಎಷ್ಟು ವರುಷವಾಯಿತೆಂಬುದೂ ನೆನಪಿಲ್ಲದಂತಾದಾಗ ಕಟ್ಟಬೇಕು ಎಂಬುದು ಅದರ ಅಭಿಪ್ರಾಯ. ಎಂದಮೇಲೆ ವರುಷದ ಲೆಕ್ಕವನ್ನು ಮರೆಯುವುದಕ್ಕೆ ಅಪ್ಪಣೆಯಿದೆ, ನೆಲವನ್ನು ಮರೆಯುವುದಕ್ಕೆ ಇಲ್ಲ.

ಅದೇ ಅಧ್ಯಾಯದ ಕೊನೆಯಲ್ಲಿ ಬದುಕಿರುವವರಿಗೂ ಸತ್ತವರಿಗೂ ನಡುವೆ ಎಲ್ಲೆಯೊಂದನ್ನು ಇಡುವ ವಿಧಿ ಬರುತ್ತದೆ. ಮಡಿವಂತರು ಇದನ್ನಾದರೂ ಯೋಚಿಸಬೇಕು. ಎಲ್ಲೆಯನ್ನು ಮೀರಬಾರದೆನ್ನುವವನಿಗೆ ಎಲ್ಲೆ ಎಲ್ಲಿದೆಯೆಂದು ಗೊತ್ತಿರಬೇಡವೆ? ಮಸಣಕ್ಕೆ ಹೋಗಿಬಂದವನಿಗೆ ಸ್ನಾನವನ್ನು ವಿಧಿಸಿದ್ದಾರೆ. ತಿಳಿಯದೆ ಮಸಣದ ಮೇಲೆಯೇ ಮನೆ ಕಟ್ಟಿ ಗೃಹಪ್ರವೇಶದ ಹೋಮ ಮಾಡಿದವನಿಗೆ ಯಾವ ಸ್ನಾನ? ಇನ್ನು ಸುಡುವವರು ಹೂಳುವವರೆಂಬ ಭೇದವಂತೂ ಕನ್ನಡನಾಡಿನಲ್ಲಿ ನಿಲ್ಲುವಂತಹುದೇ ಅಲ್ಲ. ವೀರಶೈವರು ಸಮಾಧಿ ಮಾಡುತ್ತಾರೆ. ಎಳೆಯ ಕೂಸುಗಳನ್ನು ಎಲ್ಲರೂ ಹೂಳುತ್ತಾರೆ. ಯತಿಗಳಿಗೆ ದಹನವಿಲ್ಲ. ಮಂತ್ರಾಲಯದಲ್ಲಿ ಪ್ರದಕ್ಷಿಣೆ ಬರುವವರು, ಆನೆಗೊಂದಿಯ ನವಬೃಂದಾವನಕ್ಕೆ ದೋಣಿ ಹತ್ತುವವರು ಸುತ್ತುತ್ತಿರುವುದು ಏನನ್ನು? ಅದೇ ಗಂಗಾವತಿಯ ಸೀಮೆಯಲ್ಲಿ, ಹಿರೇಬೆಣಕಲ್ಲಿನ ಬೆಟ್ಟದ ಮೇಲೆ, ಕಬ್ಬಿಣಯುಗದ ಜನರು ತಮ್ಮವರಿಗಾಗಿ ಎಬ್ಬಿಸಿದ ನೂರಾರು ಕಲ್ಮನೆಗಳಿವೆ. 2021ರಲ್ಲಿ ಅದು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಬೃಂದಾವನವನ್ನು ಕಂಡು ಬಂದವರಲ್ಲಿ ಆ ಬೆಟ್ಟವನ್ನು ಹತ್ತಿದವರೆಷ್ಟು ಮಂದಿ?

ಸತ್ತವರ ಗುರುತುಗಳನ್ನು ಅಳಿಸಿದರೆ ಬದುಕಿರುವವರಿಗೆ ಏನು ನಷ್ಟವೆಂದು ಕೇಳುವವರೂ ಇದ್ದಾರೆ. ಅಂತಹವರು ಬೇಗೂರಿಗೆ ಹೋಗಿಬರಬೇಕು. ‘ಬೆಂಗಳೂರು’ ಎಂಬ ಹೆಸರು ಕಾಣಸಿಗುವ ಅತಿ ಪ್ರಾಚೀನವಾದ ಬರಹ ಅಲ್ಲಿನ ದೇವಾಲಯದಲ್ಲಿರುವ ಒಂದು ಕಲ್ಲು. ಕಾಲ ಸುಮಾರು ಕ್ರಿ.ಶ. 890. ಆ ಕಲ್ಲು ದಾನಶಾಸನವಲ್ಲ, ಅರಸನ ಪ್ರಶಸ್ತಿಯೂ ಅಲ್ಲ. ಬೆಂಗಳೂರ ಕಾಳೆಗದಲ್ಲಿ ನಾಗತ್ತರನ ಮನೆಯವನೊಬ್ಬನು ಸತ್ತನೆಂದು ಹೇಳುವ ಮರಣಸ್ಮಾರಕ. ಈ ಕಲ್ಲನ್ನು ಯಾರಾದರೂ ಬಾವಿಯ ಕಟ್ಟೆಗೆ ಹಾಸಿದ್ದರೆ, ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯನ್ನೇ ನಗರದ ಚರಿತ್ರೆಯೆಂದು ಇಂದಿಗೂ ಹೇಳಿಕೊಂಡಿರಬೇಕಾಗಿತ್ತು. ಹೊಯ್ಸಳ ಬಲ್ಲಾಳರಿಗಿಂತ ಮುನ್ನೂರು ವರುಷದಷ್ಟು ಹಿಂದೆಯೇ ಊರಿಗೆ ಆ ಹೆಸರಿತ್ತೆಂಬುದು ಒಬ್ಬ ಸತ್ತವನಿಂದ ತಿಳಿದುಬಂದ ವಿಷಯ.

ಹೆಬ್ಬಾಳದ ಕಿತ್ತಯ್ಯನ ಕಥೆಯೂ ಇಂತಹುದೇ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಆ ವೀರಗಲ್ಲು 2018ರಲ್ಲಿ ಮಣ್ಣು ಅಗೆಯುವ ಕೆಲಸದ ನಡುವೆ ಮೇಲೆ ಬಂದಿತು. ಪೆರ್ಬೊಳಲ್ನಾಡಿನ ಮೇಲೆ ರಾಷ್ಟ್ರಕೂಟರ ದಂಡು ಬಿದ್ದಾಗ ಹೋರಾಡಿ ಮಡಿದ ವೀರನ ಹೆಸರು ಅದರಲ್ಲಿದೆ. ನಗರದ ಪ್ರಾಂತದಲ್ಲಿ ಈವರೆಗೆ ದೊರೆತ ಕನ್ನಡ ಬರಹಗಳಲ್ಲಿ ಅದಕ್ಕಿಂತ ಹಳೆಯದಿಲ್ಲವೆನ್ನುತ್ತಾರೆ. ಊರಿನ ಕೆಲವು ಉತ್ಸಾಹಿಗಳು ಅದನ್ನು ಉಳಿಸಿ ಮಂಟಪವೊಂದನ್ನು ಕಟ್ಟಿಸಿದರು. ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ ಮೇಲೆ ನೂರಕ್ಕೂ ಮೇಲ್ಪಟ್ಟ ವರುಷಗಳ ಕಾಲ ಆ ಕಲ್ಲುಗಳು ಎಲ್ಲೆಲ್ಲಿ ಉಳಿದಿವೆ ಎಂದು ಒಂದೊಂದಾಗಿ ಹೋಗಿ ನೋಡುವ ಮನಸ್ಸು ಯಾರಿಗೂ ಬಾರದೆ ಹೋಯಿತು. ಈಚೆಗೆ ಕೆಲವರು ಆ ಸಂಪುಟವನ್ನು ಕೈಯಲ್ಲಿ ಹಿಡಿದು ಗಲ್ಲಿ ಗಲ್ಲಿ ಸುತ್ತಿದರು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಈ ಕಲ್ಲುಗಳ ಮೂರು ಆಯಾಮದ ಪಡಿಯಚ್ಚುಗಳನ್ನು ಯಂತ್ರದಿಂದ ತೆಗೆಸುತ್ತ ಬಂದಿದೆ. ಇವರು ಪಂಡಿತರ ಪರಿಷತ್ತಿನಿಂದ ಹೊರಟವರಲ್ಲ, ಹೆಚ್ಚಿನವರು ಯಂತ್ರಶಾಸ್ತ್ರ ಓದಿದವರು. ಪಂಡಿತರಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಮತ್ತೊಂದಿಲ್ಲ.

ಆದರೆ ಬರಹವಿರುವ ಕಲ್ಲಿಗೆ ಈಗೀಗ ಒಬ್ಬಿಬ್ಬರು ಹಿತೈಷಿಗಳಾದರೂ ಇದ್ದಾರೆ. ಬರಹವಿಲ್ಲದ ವೀರಗಲ್ಲು, ಮಾಸ್ತಿಕಲ್ಲುಗಳಿಗೆ, ಅವು ನಿಂತಿದ್ದ ನೆಲಕ್ಕೆ ಯಾರಿದ್ದಾರೆ? ಕೆಳಗೆ ಕಾಳೆಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ, ತುದಿಯಲ್ಲಿ ಸೂರ್ಯಚಂದ್ರರು: ಇಷ್ಟನ್ನು ಕಂಡರೆ ಸಾಕು, ಅದು ಯಾವನೋ ಒಬ್ಬನ ಮರಣವೆಂದು ಓದುಬಾರದವನೂ ತಿಳಿಯುತ್ತಿದ್ದನು. ಓದುಬಲ್ಲವರು ಅದರ ಮೇಲೆ ಎಣ್ಣೆಬಣ್ಣ ಬಳಿದು, ಬೆಳ್ಳಿಯ ಕಣ್ಣು ಅಂಟಿಸಿ, ಸುತ್ತ ಗ್ರಾನೈಟು ಹಾಸಿ, ಹೊಸದೊಂದು ದೇವರ ಹೆಸರಿಡುತ್ತಾರೆ. ನಾಶಮಾಡುವವನ ಕೈಯಿಂದ ಬಿಡಿಸಿದ ಕಲ್ಲನ್ನು ಭಕ್ತನ ಕೈಯಿಂದ ಬಿಡಿಸುವುದು ಕಷ್ಟ.

ಎರಡನೆಯ ಆಕ್ಷೇಪ ಇದಕ್ಕಿಂತ ಕೆಟ್ಟದು. ಕಂಡವರ ಗೋರಿಗಳು ಹಾಳಾದರೆ ಹಾಳಾಗಲಿ, ಅವರೇನು ನಮ್ಮವರೇ ಎಂಬುದು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲೀಸನ ಸೇನೆ ಬೆಂಗಳೂರಿನ ಕೋಟೆಯನ್ನು ಹಿಡಿದಾಗ ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು ಹೂತ ಮಸಣವನ್ನು ಚಿತ್ರಕಾರ ರಾಬರ್ಟ್ ಹೋಮನು 1794ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ತೋರಿಸಿದ್ದಾನೆ. ಇಪ್ಪತ್ತನೆಯ ಶತಮಾನದ ಮೊದಲಿನವರೆಗೂ ಅದು ಕಲ್ಲಿನ ಗೋಡೆ, ಬಾಗಿಲುಗಳೊಡನೆ ಉಳಿದಿತ್ತು. ಇಂದು ಅದರ ಕುರುಹೂ ಇಲ್ಲ, ಮೇಲೆ ಕಟ್ಟಡಗಳೆದ್ದಿವೆ. ಆ ಮುತ್ತಿಗೆಯಲ್ಲಿ ಸತ್ತವರ ನೆನಪಿಗೆ ಮೈಸೂರು ಸರಕಾರವು ಹಡ್ಸನ್ ಚರ್ಚಿನ ಎದುರಿಗೆ ನಿಲ್ಲಿಸಿದ್ದ ಸ್ತಂಭವನ್ನು 1964ರ ಅಕ್ಟೋಬರಿನಲ್ಲಿ ಕೆಡವಿದರು. ಅದನ್ನು ಕೆಡವಿದವರು ದೇಶಾಭಿಮಾನಿಗಳೆಂದು ಹೆಸರಾದರು. ಅದೇ ಮುತ್ತಿಗೆಯಲ್ಲಿ ಕೋಟೆಯನ್ನು ಕಾಯುತ್ತ ಮಡಿದ ಕಿಲ್ಲೇದಾರ ಬಹಾದೂರ್ ಖಾನನ ಗೋರಿಯೆಂದು ಹೇಳುವ ದರ್ಗಾ ಮಾರುಕಟ್ಟೆಯ ಬಳಿ ಇದೆ. ಅಲ್ಲಿ ದೀಪ ಹಚ್ಚುವುದಕ್ಕೆ ಹೋಗುವವರಲ್ಲಿ ಅವನಾರೆಂದು ಬಲ್ಲವರು ಕೆಲವರೇ ಇರಬಹುದು, ಆದರೂ ನೆಲ ಉಳಿದಿದೆ. ಒಂದೇ ಯುದ್ಧದ ಎರಡು ಕಡೆಯ ಹೆಣಗಳಲ್ಲಿ ಒಂದು ಕಡೆಯದನ್ನು ಅಳಿಸಿದ ಮೇಲೆ, ಖಾನನು ಯಾರೊಡನೆ ಹೋರಾಡಿ ಸತ್ತನೆಂಬುದನ್ನು ಮಕ್ಕಳಿಗೆ ತೋರಿಸುವುದು ಹೇಗೆ? ರಾವಣನ ಸಂಸ್ಕಾರಕ್ಕೆ ವಿಭೀಷಣನು ಹಿಂಜರಿದಾಗ ಶ್ರೀರಾಮನು ಏನು ಹೇಳಿದನೆಂಬುದನ್ನು ರಾಮಾಯಣದ ಪಾರಾಯಣ ಮಾಡುವ ಮನೆಗಳಿಗೆ ಹೊಸದಾಗಿ ತಿಳಿಸಬೇಕಾಗಿಲ್ಲ.

ನಮ್ಮವರು ಯಾರೆಂಬ ಪ್ರಶ್ನೆ ಹಿಂದೆ ಹಿಂದಕ್ಕೆ ಹೋದಷ್ಟೂ ನಗೆಗೀಡಾಗುತ್ತದೆ. ಕೃಷ್ಣರಾಜಪುರವನ್ನು ದಾಟಿ ಹೊಸಕೋಟೆಯ ತಾಲ್ಲೂಕಿಗೆ ಹೋದರೆ ಜಡಿಗೇನಹಳ್ಳಿಯಿದೆ. ಅಲ್ಲಿನ ಬೃಹತ್‌ಶಿಲಾಯುಗದ ಸಮಾಧಿಗಳನ್ನು ಎಂ. ಶೇಷಾದ್ರಿಯವರು 1957ರಲ್ಲಿ ಅಗೆದು ನೋಡಿ, 1960ರಲ್ಲಿ ವರದಿಯನ್ನು ಹೊರತಂದರು. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರನು ಮಾಡಿದ ಉತ್ಖನನವಂತೂ ಲೋಕಪ್ರಸಿದ್ಧ. ಸುತ್ತ ದುಂಡುಗಲ್ಲುಗಳ ಬಳಸು, ಒಳಗೆ ಚಪ್ಪಡಿಯ ಕೋಣೆ, ಅದರ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧ, ಮೂಳೆಯ ಚೂರು. ಹಳ್ಳಿಯವರು ಇವನ್ನು ಪಾಂಡವರ ಮನೆಯೆಂದೋ ಮೋರಿಯರ ಮನೆಯೆಂದೋ ಕರೆದು, ಮೋರಿಯರೆಂಬ ಗಿಡ್ಡ ಜನರ ಕಥೆ ಹೇಳಿ, ಕಲ್ಲನ್ನು ಮುಟ್ಟದೆ ಉಳುತ್ತಿದ್ದರು. ಈ ಕಥೆಯನ್ನು ಮೂಢನಂಬಿಕೆಯೆಂದು ನಕ್ಕ ವಿದ್ಯಾವಂತರ ಕಾಲದಲ್ಲಿ ಮಣ್ಣೆತ್ತುವ ಯಂತ್ರ ಬಂದಿತು. ಎರಡು ಸಾವಿರ ವರುಷ ಕಥೆಯು ಕಾಯ್ದುದನ್ನು ಯಂತ್ರವು ಒಂದು ಮಧ್ಯಾಹ್ನದಲ್ಲಿ ಸಪಾಟು ಮಾಡುತ್ತದೆ. ಯಶವಂತಪುರದಲ್ಲಿ 1891ರಲ್ಲಿಯೂ, ಎಚ್.ಎ.ಎಲ್. ವಿಮಾನನಿಲ್ದಾಣದ ಬಳಿ 1965ರಲ್ಲಿಯೂ ರೋಮಕ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತುವು. ಅಂದರೆ ಇಂದಿರಾನಗರದ ಮಗ್ಗುಲಿನಲ್ಲಿಯೇ ಎರಡು ಸಾವಿರ ವರುಷದ ಹಿಂದೆ ದೂರದೇಶದ ಹಣ ಬಂದು ಸೇರುತ್ತಿತ್ತು. ಆ ಹಣವನ್ನು ಎಣಿಸಿದ ಕೈಗಳು ಎಲ್ಲಿ ಮಲಗಿವೆ?

ಒಂದು ವಿಷಯದಲ್ಲಿ ಮಾತ್ರ ಅನ್ಯಾಯ ಮಾಡಬಾರದು. ಹಳೆಯ ಸಮಾಧಿಗಳನ್ನು ಶ್ರದ್ಧೆಯಿಂದ, ರಾತ್ರಿಯೆಲ್ಲ ನಿದ್ದೆಗೆಟ್ಟು, ಗುಡ್ಡಗಾಡು ಅಲೆದು ಹುಡುಕುವ ಒಂದು ವರ್ಗ ಈ ನಾಡಿನಲ್ಲಿ ಇದ್ದೇ ಇದೆ. ಅವರು ನಿಧಿಗಳ್ಳರು. ಅವರಿಗೆ ಅಮಂಗಳದ ಭಯವಿಲ್ಲ, ಬೇರೆಯವರ ಗೋರಿಯೆಂಬ ಭೇದವಿಲ್ಲ. ಸಾಹಿತ್ಯಸಂಘಗಳಿಗೆ ಗೊತ್ತಿಲ್ಲದ ವೀರಗಲ್ಲಿನ ಬುಡವನ್ನು ಅವರು ಅಗೆದಿರುತ್ತಾರೆ.

ಸರಕಾರವಿದೆ, ಕಾನೂನಿದೆ, ಇಲಾಖೆ ನೋಡಿಕೊಳ್ಳಲಿ ಎಂಬುದು ಉಳಿದಿರುವ ಸಮಾಧಾನ. ಕೇಂದ್ರದ 1958ರ ಕಾಯಿದೆಯೂ ರಾಜ್ಯದ 1961ರ ಕಾಯಿದೆಯೂ ಇರುವುದು ನಿಜ. 2010ರ ತಿದ್ದುಪಡಿಯು ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಏಳದಂತೆ ತಡೆದಿದೆ. ಆದರೆ ಸಂರಕ್ಷಿತವೆಂದು ಘೋಷಿಸಿದರೆ ತಾನೆ ಆ ಆಶ್ರಯ? ಘೋಷಿಸಬೇಕಾದರೆ ಅದು ಎಲ್ಲಿದೆಯೆಂದು ಯಾರಾದರೂ ಹೇಳಬೇಕು. ಹೇಳಬಲ್ಲವನು ಆ ಊರಿನವನೇ ಹೊರತು ಕಚೇರಿಯ ಗುಮಾಸ್ತೆಯಲ್ಲ. ಕಂದಾಯದ ದಾಖಲೆಗಳಲ್ಲಿ ಸುಳಿವುಗಳು ಬೇಕಾದಷ್ಟಿವೆ. ಹಳೆಯ ಗ್ರಾಮನಕ್ಷೆಯಲ್ಲಿ ಮಸಣದ ತುಂಡನ್ನು ಗುರುತಿಸಿರುತ್ತಾರೆ, ಆಕಾರಬಂದಿನಲ್ಲಿ ‘ಬಿ’ ಖರಾಬೆಂದು ಬರೆದಿರುತ್ತಾರೆ. ಸಾಗುವಳಿಗೆ ಬಾರದ ನೆಲವೆಂದು ಅರಸರ ಕಾಲದಲ್ಲಿಯೇ ಕಂದಾಯ ಬಿಟ್ಟ ಜಾಗ ಅದು. ಖರಾಬೆಂಬ ಮಾತನ್ನು ಕಂಡು ಬೆಲೆಯಿಲ್ಲದ ನೆಲವೆಂದು ಬಗೆದವರಿಂದಲೇ ಎಷ್ಟೋ ಊರುಗಳ ಪಿತೃಗಳು ನಿರ್ವಸಿತರಾದರು.

ಜಿಲ್ಲೆಯ ಸಂಘಗಳಲ್ಲಿ ವರುಷಕ್ಕೆ ನಾಲ್ಕು ಸನ್ಮಾನ, ಎರಡು ಕವಿಗೋಷ್ಠಿ ನಡೆಯುತ್ತವೆ. ಅದರಲ್ಲೊಂದು ಸನ್ಮಾನದ ಶಾಲಿನ ಖರ್ಚಿನಲ್ಲಿ ಒಂದು ಹೋಬಳಿಯ ಗ್ರಾಮನಕ್ಷೆಗಳ ಪ್ರತಿ ದೊರೆಯುತ್ತದೆ. ಅವನ್ನು ಹಿಡಿದು ಊರಿಗೆ ಹೋದವರು ಮೊದಲು ಗೌಡರ ಚಾವಡಿಯಲ್ಲಿ ಕೂರುವ ಬದಲು ಹಿರಿಯ ಹೆಂಗಸರನ್ನು ಕೇಳುವುದು ಮೇಲು. ಮಹಾಲಯ ಅಮಾವಾಸ್ಯೆಗೆ ಎಡೆಯನ್ನು ಯಾವ ದಿಕ್ಕಿಗೆ ಇಡುತ್ತಿದ್ದರು, ಯಾವ ಹುಣಿಸೆಮರದ ಬಳಿ ಕೂಸನ್ನು ಹೂತರು, ಯಾವ ಕಲ್ಲಿನ ಮುಂದೆ ದನ ಕಟ್ಟಬಾರದೆಂದು ಅತ್ತೆ ಹೇಳಿದಳು ಎಂಬುದು ಅವರಿಗೆ ಗೊತ್ತಿರುತ್ತದೆ. ಇನ್ನು ಹತ್ತು ವರುಷ ಕಳೆದರೆ ಅದೂ ಇರುವುದಿಲ್ಲ. ಕಂಡದ್ದನ್ನು ಸರ್ವೆ ನಂಬರು, ದಿಕ್ಕು, ಅಳತೆ, ಚಿತ್ರಗಳೊಡನೆ ಬರೆದಿಟ್ಟು ಒಂದು ಪ್ರತಿಯನ್ನು ತಹಸೀಲ್ದಾರರ ಕಚೇರಿಗೂ ಒಂದನ್ನು ಪುರಾತತ್ತ್ವ ಇಲಾಖೆಗೂ ಕೊಟ್ಟು ರಸೀತಿ ಪಡೆಯತಕ್ಕದ್ದು. ನಿಧಿಯ ಆಸೆಯವರಿಗೆ ದಾರಿ ತೋರಿದಂತಾಗದಿರಲು, ಅಗೆಯದ ಸಮಾಧಿಗಳ ನೆಲೆಯನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸದಿರುವುದು ವಿವೇಕ.

ಮೊದಲಿಗೆ ಹೊಸಕೋಟೆಯ ತಾಲ್ಲೂಕನ್ನು ಕೈಗೊಳ್ಳಬಹುದು. ಜಡಿಗೇನಹಳ್ಳಿಯ ವರದಿಯೊಂದು ಅಚ್ಚಿನಲ್ಲಿರುವುದರಿಂದ ಅಲ್ಲಿಂದ ಸುತ್ತಲಿನ ಊರುಗಳಿಗೆ ಹರಡಿಕೊಳ್ಳುವುದು ಸುಲಭ, ನಗರವೂ ಅತ್ತಲೇ ಬೆಳೆಯುತ್ತಿದೆ. ರಾಗಿಯ ಕುಯಿಲು ಮುಗಿದು, ಹುಲ್ಲು ಒಣಗಿ, ದುಂಡುಗಲ್ಲಿನ ಬಳಸುಗಳು ನೆಲದ ಮೇಲೆ ಸ್ಪಷ್ಟವಾಗಿ ಕಾಣುವುದು ಮಾಘ ಫಾಲ್ಗುಣಗಳಲ್ಲಿ. ಯುಗಾದಿಯ ಹಿಂದಿನ ಆ ಎರಡು ತಿಂಗಳ ಭಾನುವಾರಗಳು ಹೋಬಳಿಗೆ ಇಬ್ಬರಂತೆ ಹೊರಟರೆ ಸಾಕಾಗುತ್ತವೆ.