ಕುಡಿದ ನೀರೂ ಮೂಳೆಯಾಗುವುದು

ಕಳೆದ ತಿಂಗಳು ತುಮಕೂರಿಗೆ ಹೊಂದಿಕೊಂಡಿರುವ ಸತ್ಯಮಂಗಲದಲ್ಲಿ ನಮ್ಮ ಆಪ್ತರೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯ ಎಂಟು ವರ್ಷದ ಮೊಮ್ಮಗ ಜಗುಲಿಯಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದನು. ಅಂದು ಬೆಳಿಗ್ಗೆಯಷ್ಟೇ ಪ್ಲಾಸ್ಟರ್ ತೆಗೆಸಿಕೊಂಡು ಬಂದಿದ್ದರು. ಅಜ್ಜಿಯವರು ಆ ಕೈಯನ್ನು ಮತ್ತೆ ಮತ್ತೆ ಸವರುತ್ತ, “ಒಳಗೆ ಏನು ಹಚ್ಚಿ ಅಂಟಿಸಿದರು ಸ್ವಾಮಿ? ಕೊಯ್ದ ಗುರುತೇ ಇಲ್ಲವಲ್ಲ!” ಎಂದು ನಮ್ಮನ್ನು ಕೇಳಿದರು.

ಯಾರೂ ಏನನ್ನೂ ಅಂಟಿಸಿರಲಿಲ್ಲ. ವೈದ್ಯರು ಮುರಿದ ತುದಿಗಳನ್ನು ನೇರವಾಗಿ ಕೂಡಿಸಿ, ಅಲುಗದಂತೆ ಕಟ್ಟಿದ್ದರು, ಅಷ್ಟೆ. ಉಳಿದುದನ್ನು ಹುಡುಗನ ಮೂಳೆಯೇ ಮಾಡಿಕೊಂಡಿತ್ತು. ಮುರಿದೆಡೆಯಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಅಲ್ಲಿ ಮೆತ್ತನೆಯ ಅಂಗಾಂಶ ಬೆಳೆದು ಎರಡು ತುದಿಗಳಿಗೂ ಸೇತುವೆ ಹಾಕುತ್ತದೆ. ಆ ಸೇತುವೆ ಕ್ರಮೇಣ ಗಟ್ಟಿಯಾಗಿ ಮೂಳೆಯಾಗುತ್ತದೆ.

ಮೂಳೆಯೆಂದರೆ ಗೋಡೆಯೊಳಗಿನ ಕಲ್ಲಿನಂತೆ, ಒಮ್ಮೆ ಇಟ್ಟರೆ ಹಾಗೆಯೇ ಇರುವ ಜಡವಸ್ತುವೆಂದು ನಮ್ಮಲ್ಲಿ ಬಹುಮಂದಿಯ ಎಣಿಕೆ. ಆದರೆ ಅದು ರಕ್ತನಾಳಗಳೂ ನರಗಳೂ ಉಳ್ಳ ಸಜೀವ ಅಂಗ. ತಾಯಿಯ ಗರ್ಭದಲ್ಲಿ ಶಿಶುವಿನ ಕೈಕಾಲುಗಳ ಮೂಳೆಗಳಿಗೆ ಮೊದಲು ಮೃದ್ವಸ್ಥಿಯ ಅಚ್ಚು ಸಿದ್ಧವಾಗುತ್ತದೆ. ಮೂಗಿನ ತುದಿಯನ್ನು ಒತ್ತಿದರೆ ಬಾಗುತ್ತದಲ್ಲ, ಅಂತಹ ವಸ್ತು. ಸುಮಾರು ಎರಡು ತಿಂಗಳ ಹೊತ್ತಿಗೆ ಆ ಅಚ್ಚಿನ ನಡುಭಾಗದಿಂದ ಮೂಳೆ ಕಟ್ಟುವ ಕೆಲಸ ಆರಂಭವಾಗುತ್ತದೆ. ಇದಕ್ಕೆಂದೇ ಇರುವ ಜೀವಕೋಶಗಳು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಹೆಣೆಯುತ್ತವೆ. ಎಳೆಗಳ ನಡುವೆ ಸುಣ್ಣ ಮತ್ತು ರಂಜಕ ಕೂಡಿದ ಸೂಕ್ಷ್ಮ ಹರಳುಗಳು ನೆಲೆಗೊಳ್ಳುತ್ತವೆ. ತಾರಸಿಗೆ ಕಬ್ಬಿಣದ ಸರಳು ಕಟ್ಟಿ ಕಾಂಕ್ರೀಟ್ ಸುರಿದಂತೆಯೇ ಇದು. ಸರಳಿಲ್ಲದೆ ಕಾಂಕ್ರೀಟ್ ಬಿರುಕು ಬಿಡುತ್ತದೆ, ಕಾಂಕ್ರೀಟ್ ಇಲ್ಲದ ಸರಳು ಬಾಗುತ್ತದೆ.

ಹುಟ್ಟಿದ ಮಗುವಿನಲ್ಲಿ ಸುಮಾರು 300 ಮೂಳೆಗಳಿರುತ್ತವೆ. ಬೆಳೆಯುತ್ತ ಹಲವು ಒಂದಕ್ಕೊಂದು ಬೆಸೆದು ದೊಡ್ಡವರಲ್ಲಿ 206 ಉಳಿಯುತ್ತವೆ. ಉದ್ದಕ್ಕೆ ಬೆಳೆಯುವುದು ನಿಂತ ಮೇಲೂ ಕೆಲಸ ನಿಲ್ಲುವುದಿಲ್ಲ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುತ್ತವೆ, ಮತ್ತೊಂದು ಬಗೆಯವು ಹೊಸದನ್ನು ಕಟ್ಟುತ್ತಿರುತ್ತವೆ. ಹೀಗೆ ವರ್ಷಕ್ಕೆ ನಮ್ಮ ಅಸ್ಥಿಪಂಜರದ ಹತ್ತರಲ್ಲೊಂದು ಪಾಲಿನಷ್ಟು ಹೊಸದಾಗುತ್ತದೆ. ಈ ಹೊಸ ಕಟ್ಟಡಕ್ಕೆ ಬೇಕಾದ ಸಾಮಗ್ರಿ ನಾವು ತಿಂದುದರಿಂದ, ಕುಡಿದುದರಿಂದ ಬರಬೇಕಲ್ಲದೆ ಬೇರೆಲ್ಲಿಂದಲೂ ಬಾರದು.

ತಿನ್ನುವ ವಿಷಯದಲ್ಲಿ ನಮ್ಮ ಸೀಮೆ ಭಾಗ್ಯಶಾಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಇದ್ದರೆ ಹೆಚ್ಚು. ಸಿದ್ಧಗಂಗೆಯ ದಾಸೋಹದಲ್ಲಿ ರಾಗಿ ಮುದ್ದೆ ಉಂಡು ಬೆಳೆದ ಮಕ್ಕಳಿಗೆ ಇದನ್ನು ಯಾರೂ ಲೆಕ್ಕ ಹಾಕಿ ಹೇಳಬೇಕಾಗಿರಲಿಲ್ಲ. ಇಂದು ಮನೆಗಳಲ್ಲಿ ಮುದ್ದೆಯೆಂದರೆ ಮೂಗು ಮುರಿಯುವ ಮಕ್ಕಳೇ ಹೆಚ್ಚಾಗಿದ್ದಾರೆ. ತಪ್ಪು ಅವರದಲ್ಲ, ಬಡಿಸುವ ನಮ್ಮದು.

ಕುಡಿಯುವ ವಿಷಯ ಬೇರೆ. ಅಂದೇ ಆ ಮನೆಗೆ ಪಾವಗಡದ ಕಡೆಯ ನೆಂಟರೊಬ್ಬರು ಬಂದಿದ್ದರು. ವಯಸ್ಸು ಐವತ್ತನ್ನು ದಾಟಿರಲಾರದು. ಊಟಕ್ಕೆ ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತರೆ ಅವರಿಗೆ ಕುರ್ಚಿ ಹಾಕಬೇಕಾಯಿತು. ಯಾರಾದರೂ ಕರೆದರೆ ಕತ್ತು ತಿರುಗದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಹಲ್ಲುಗಳ ಮೇಲೆ ಕಂದು ಪಟ್ಟೆಗಳು. ವಾಯುವೆಂದು ತಿಳಿದು ಬಹುಕಾಲ ಎಣ್ಣೆ ತಿಕ್ಕಿಸಿಕೊಂಡರಂತೆ. ಕಡೆಗೆ ಎಕ್ಸ್‌ರೇ ನೋಡಿದ ವೈದ್ಯರು ನೀರಿನಲ್ಲಿರುವ ಫ್ಲೋರೈಡ್ ಇದಕ್ಕೆ ಕಾರಣವೆಂದರು.

ನಮ್ಮ ದೇಶದಲ್ಲಿ ಈ ಬೇನೆಯನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ, ವಿಶೇಷವಾಗಿ ಪಾವಗಡದಲ್ಲಿ, ಇದು ಹಳೆಯ ಸಂಕಟ. ಕಲ್ಲುಬಂಡೆಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಸಂದಿನಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದು ನೀರಿಗೆ ಇಳಿಯುತ್ತದೆ. ಕೆರೆಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ನಾವು ಅಂತಹ ನೀರನ್ನೇ ಮೇಲೆತ್ತಿದೆವು.

ದೇಹದಲ್ಲಿ ಉಳಿಯುವ ಫ್ಲೋರೈಡ್ ಬಹುತೇಕ ಮೂಳೆ ಮತ್ತು ಹಲ್ಲುಗಳಲ್ಲಿಯೇ ಸೇರುತ್ತದೆ. ಮೂಳೆಯ ಹರಳಿನಲ್ಲಿ ಇರಬೇಕಾದ ಒಂದು ಅಂಶವನ್ನು ತಳ್ಳಿ ಆ ಜಾಗದಲ್ಲಿ ತಾನು ಕೂರುತ್ತದೆ. ಆಗ ಮೂಳೆ ದಪ್ಪವಾಗುತ್ತದೆ, ಎಕ್ಸ್‌ರೇಯಲ್ಲಿ ಹೆಚ್ಚು ಬೆಳ್ಳಗೆ ಕಾಣುತ್ತದೆ, ಆದರೆ ಗುಣಮಟ್ಟದಲ್ಲಿ ಪೆಡಸು. ಮೂಳೆಗಳನ್ನು ಬಿಗಿದಿರುವ ಕಟ್ಟುಗಳಿಗೂ ಸುಣ್ಣ ಕೂತು ಬೆನ್ನು ಬಿದಿರುಗಳುವಿನಂತೆ ಸೆಟೆದುಕೊಳ್ಳುತ್ತದೆ. ಬೆಳೆಯುವ ಮಕ್ಕಳ ಮೂಳೆ ದೊಡ್ಡವರದಕ್ಕಿಂತ ಹೆಚ್ಚು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಸುಣ್ಣದ ಅಂಶ ಕಡಿಮೆಯಿರುವ ಊಟವುಳ್ಳ ಮಕ್ಕಳಿಗೆ ಹಾನಿ ಇನ್ನೂ ಹೆಚ್ಚು. ಕೆಲವರ ಕಾಲುಗಳೇ ಸೊಟ್ಟಗಾಗುತ್ತವೆ. ಮುದ್ದೆ, ಹಾಲು, ಮಜ್ಜಿಗೆಗಳ ಮಾತನ್ನು ನಾವು ಮೊದಲೇ ಎತ್ತಿದ್ದು ಇದಕ್ಕಾಗಿ.

ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳಿತು, ಬೇರೆ ನೀರು ಸಿಗದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಸ್ವಲ್ಪ ಮೀರಿದೊಡನೆ ಬೆನ್ನು ಬಾಗುವುದೆಂದು ಯಾರೂ ಹೆದರಬೇಕಿಲ್ಲ. ಎಳೆಯ ಮಕ್ಕಳ ಹಲ್ಲು ಮೊದಲು ಕೆಡುತ್ತದೆ. ಮೂಳೆ ಸೆಟೆಯುವುದು ಸಾಮಾನ್ಯವಾಗಿ ಇನ್ನೂ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಹಲವಾರು ವರ್ಷ ಕುಡಿದಾಗ. ಆದರೆ ಒಮ್ಮೆ ಸೆಟೆದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ.

ತಾಯಂದಿರು ಗಮನಿಸಬೇಕಾದ ಮಾತೊಂದಿದೆ. ಕಾಯಿಸಿದರೆ ನೀರಿನ ದೋಷವೆಲ್ಲ ಹೋಗುವುದೆಂದು ನಾವು ನಂಬಿದ್ದೇವೆ. ರೋಗಾಣುಗಳ ಮಟ್ಟಿಗೆ ಅದು ನಿಜ. ಫ್ಲೋರೈಡ್ ಮಾತ್ರ ಕಾಯಿಸಿದರೆ ಹೋಗುವುದಿಲ್ಲ. ಆವಿಯಾದಷ್ಟು ನೀರು ಕಡಿಮೆಯಾಗಿ ಅದು ಇನ್ನಷ್ಟು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ರುಚಿಯಿಂದಾಗಲಿ ಬಣ್ಣದಿಂದಾಗಲಿ ತಿಳಿಯುವುದೂ ಇಲ್ಲ. ಪರೀಕ್ಷೆ ಮಾಡಿಸಿಯೇ ಅರಿಯಬೇಕು. ಹೆಚ್ಚಿದ್ದಲ್ಲಿ ಕುಡಿಯಲು, ಅಡಿಗೆಗೆ ಶುದ್ಧೀಕರಣ ಘಟಕದ ನೀರನ್ನೋ, ಶುಚಿಯಾದ ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರನ್ನೋ ಬಳಸಬೇಕು. ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿಯ ನೀರಿನಿಂದ ತೊಂದರೆಯಿಲ್ಲ.

ಇಷ್ಟನ್ನೂ ಕೇಳಿದ ಅಜ್ಜಿಯವರು ಮೊಮ್ಮಗನ ಕೈಬಿಟ್ಟು, “ಹಾಗಾದರೆ ನಮ್ಮ ಬೋರಿನ ನೀರು ಹೇಗಿದೆಯೋ?” ಎಂದು ಮಗನ ಮುಖ ನೋಡಿದರು. ಹದಿನೈದು ವರ್ಷದಿಂದ ಅದೇ ನೀರು ಕುಡಿಯುತ್ತಿದ್ದ ಆ ಮನೆಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮರುದಿನವೇ ಒಂದು ಬಾಟಲಿ ತುಂಬಿ ಪರೀಕ್ಷೆಗೆ ಕೊಟ್ಟು ಬಂದರೆಂದು ತಿಳಿಯಿತು. ನಾವು ಇದನ್ನು ಬರೆಯುವ ಹೊತ್ತಿಗೆ ವರದಿ ಇನ್ನೂ ಕೈಸೇರಿಲ್ಲ.