ಬೆನ್ನೆಲುಬಿನಲ್ಲಿ ಹೃದ್ರೋಗದ ಸುಳಿವು

೨೦೨೫ರ ಮೇ ಕೊನೆಯಿಂದ ಕೆಲವೇ ವಾರಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತಾಗಿ ಮೃತರಾದ ಸುದ್ದಿಯನ್ನು ವಾಚಕರು ಮರೆತಿರಲಾರರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೆಲ್ಲ ಅದೇ ಮಾತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಸಾವಿನ ಸಂಖ್ಯೆ ಅಸಾಧಾರಣವಾಗಿ ಏರಿಲ್ಲವೆಂದು ಸರ್ಕಾರದ ತಜ್ಞರ ಸಮಿತಿ ವರದಿ ಮಾಡಿತು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ನಡೆಯಬೇಕೆಂಬ ತೀರ್ಮಾನವೂ ಹೊರಬಿದ್ದಿತು. ಸತ್ತ ಮೇಲೆ ಕಾರಣ ಹುಡುಕುವುದು ಸರಿಯೇ. ಆದರೆ ಬದುಕಿರುವವರ ದೇಹದಿಂದ ತೆಗೆದು ಎಸೆಯುವ ಒಂದು ಚೂರಿನಲ್ಲಿಯೂ ಹೃದ್ರೋಗದ ಸುಳಿವು ಅಡಗಿರಬಹುದೆಂಬುದನ್ನು ಎಷ್ಟು ಮಂದಿ ಬಲ್ಲರು?

ನಮ್ಮ ಯಕೃತ್ತು ಟ್ರಾನ್ಸ್‌ಥೈರೆಟಿನ್ ಎಂಬ ಸಸಾರಜನಕವನ್ನು ತಯಾರಿಸುತ್ತದೆ. ಥೈರಾಯ್ಡ್ ಗ್ರಂಥಿಯ ರಸವನ್ನೂ ‘ಎ’ ಜೀವಸತ್ವವನ್ನೂ ರಕ್ತದಲ್ಲಿ ಹೊತ್ತೊಯ್ಯುವ ಕೂಲಿ ಅದರದು. ನಾಲ್ಕು ಭಾಗಗಳು ಕೂಡಿ ಆದ ಈ ಅಣು ಕೆಲವರಲ್ಲಿ ಮುಪ್ಪಿನ ಕಾಲಕ್ಕೆ ಬಿಚ್ಚಿಕೊಂಡು, ತಪ್ಪಾಗಿ ಮಡಿಚಿ, ಕರಗದ ಎಳೆಗಳಾಗಿ ಅಂಗಾಂಗಗಳಲ್ಲಿ ಶೇಖರವಾಗುತ್ತದೆ. ಇದೇ ಅಮೈಲಾಯ್ಡ್. ಪಿಷ್ಟದಂಥದು ಎಂಬರ್ಥದ ಈ ಹೆಸರನ್ನು ವಿರ್ಕೋ ೧೮೫೪ರಲ್ಲಿ ಬಳಸಿದನು. ಪಿಷ್ಟವಲ್ಲವೆಂದು ತಿಳಿದ ಮೇಲೂ ಹೆಸರು ಉಳಿದಿದೆ.

ಅದು ಮಣಿಕಟ್ಟಿನಲ್ಲಿ ಸೇರಿದರೆ ಬೆರಳುಗಳು ಜೋಮು ಹಿಡಿಯುತ್ತವೆ. ಬೆನ್ನೆಲುಬಿನೊಳಗಿನ ಹಳದಿ ಕಟ್ಟಿನಲ್ಲಿ ಸೇರಿದರೆ ಕಟ್ಟು ದಪ್ಪವಾಗಿ ನರಗಳನ್ನು ಒತ್ತುತ್ತದೆ. ಸ್ವಲ್ಪ ನಡೆದರೆ ಕಾಲು ಸೋಲುತ್ತದೆ. ಹೃದಯದ ಗೋಡೆಯಲ್ಲಿ ಸೇರಿದರೆ ಅದು ಬಿರುಸಾಗಿ, ರಕ್ತ ತುಂಬಿಕೊಳ್ಳಲು ಸಡಿಲಗೊಳ್ಳದು. ಕೈ ಬೆನ್ನುಗಳ ತೊಂದರೆ ಹೃದಯದ ತೊಂದರೆಗಿಂತ ಹಲವು ವರ್ಷ ಮೊದಲೇ ತೋರುವುದುಂಟು. ಆಲೂಗೆಡ್ಡೆಯ ಹೊಲದಲ್ಲಿ ಬಾಗಿ ದುಡಿದ ಮುದುಕನ ಬೆನ್ನುನೋವನ್ನು ದುಡಿಮೆಯ ಲೆಕ್ಕಕ್ಕೆ ಬರೆಯುವುದು ವಾಡಿಕೆ. ಎಷ್ಟೋ ವೇಳೆ ಅದು ನಿಜವೂ ಹೌದು. ೨೦೨೫ರ ಸಾವುಗಳಿಗೆ ಅಮೈಲಾಯ್ಡೇ ಕಾರಣವೆಂದೂ ನಾವು ಹೇಳುತ್ತಿಲ್ಲ. ಮೃತರಲ್ಲಿ ಹಲವರು ತರುಣರು. ಇದಾದರೋ ಮುಖ್ಯವಾಗಿ ವೃದ್ಧರ ರೋಗ.

ಬೆನ್ನಿನ ಶಸ್ತ್ರಚಿಕಿತ್ಸೆಯಲ್ಲಿ ನರಗಳನ್ನು ಬಿಡಿಸಲು ಆ ಕಟ್ಟನ್ನು ಹೇಗೂ ಕತ್ತರಿಸುತ್ತಾರೆ. ಚೂರು ಸಾಮಾನ್ಯವಾಗಿ ಕಸಕ್ಕೆ ಹೋಗುತ್ತದೆ. ಅರವತ್ತು ದಾಟಿದವರ ಚೂರನ್ನಾದರೂ ರೋಗಶಾಸ್ತ್ರ ವಿಭಾಗಕ್ಕೆ ಕಳುಹಿಸಬೇಕೆಂಬುದು ನಮ್ಮ ಮತ. ಹಾಸನದಲ್ಲಿಯೇ ವೈದ್ಯಕೀಯ ಕಾಲೇಜು ಇದೆ. ಹತ್ತಿಬಟ್ಟೆಗೆಂದು ಹುಟ್ಟಿದ ಕಾಂಗೋ ಕೆಂಪು ಬಣ್ಣವನ್ನು ಹಚ್ಚಿ ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಅಮೈಲಾಯ್ಡ್ ಹಸಿರಾಗಿ ಹೊಳೆಯುತ್ತದೆ, ಬಣ್ಣವೇನೂ ದುಬಾರಿಯಲ್ಲ. ಕಟ್ಟಿನಲ್ಲಿ ಕಂಡವರೆಲ್ಲರ ಹೃದಯವೂ ಕೆಟ್ಟಿರುವುದಿಲ್ಲ. ಆದರೆ ಯಾರ ಹೃದಯವನ್ನು ಮೊದಲು ಪರೀಕ್ಷಿಸಬೇಕೆಂಬುದು ಗೊತ್ತಾಗುತ್ತದೆ.

ಔಷಧವೇ ಕೈಗೆಟುಕದಿರುವಾಗ ತಿಳಿದು ಫಲವೇನೆಂದು ಕೆಲವರು ಕೇಳಬಹುದು. ೨೦೧೯ರಲ್ಲಿ ಅಮೆರಿಕದಲ್ಲಿ ಈ ಹೃದ್ರೋಗಕ್ಕೆ ಅನುಮತಿ ಪಡೆದ ಟಫಾಮಿಡಿಸ್ ಬಹಳ ದುಬಾರಿ ಎಂಬುದು ನಿಜ. ಅದು ಅಣು ಬಿಚ್ಚಿಕೊಳ್ಳದಂತೆ ತಡೆಯುತ್ತದೆಯೇ ಹೊರತು ಆಗಲೇ ಸೇರಿದ್ದನ್ನು ತೆಗೆಯಲಾರದು. ಆದುದರಿಂದ ತಡವಾದಷ್ಟೂ ಅದರ ಪ್ರಯೋಜನ ಕಡಿಮೆ. ಔಷಧವಿಲ್ಲದವನಿಗೂ ರೋಗದ ಹೆಸರು ಬೇಕು. ಹೃದ್ರೋಗಿಗಳಿಗೆ ವಾಡಿಕೆಯಾಗಿ ಕೊಡುವ ಕೆಲವು ಮದ್ದುಗಳು ಇಂಥ ಹೃದಯಕ್ಕೆ ಒಗ್ಗವು. ಮುಂದೊಂದು ಶಸ್ತ್ರಚಿಕಿತ್ಸೆ ಬೇಕಾದರೆ, ರಕ್ತದೊತ್ತಡ ಥಟ್ಟನೆ ಕುಸಿಯಬಹುದೆಂಬುದು ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ತಿಳಿದಿರುತ್ತದೆ.