ಸಂಜಯ-ವಿದುರರ ಉಪ್ಪಿನ ಋಣ

ಹಸ್ತಿನಾವತಿಯ ಅರಮನೆಯಲ್ಲಿ ಧೃತರಾಷ್ಟ್ರನ ಅನ್ನವನ್ನುಂಡು, ಅವನ ಹಿತವನ್ನು ಬಯಸಿ, ಆದರೆ ಅವನಿಗೆ ಪ್ರಿಯವಾದುದನ್ನಷ್ಟೇ ನುಡಿಯದೆ ಬಾಳಿದವರು ಇಬ್ಬರು. ಒಬ್ಬನು ಸೂತನಾದ ಸಂಜಯ. ಇನ್ನೊಬ್ಬನು ಮಂತ್ರಿಯಾದ ವಿದುರ. ಕುರುಕ್ಷೇತ್ರದ ವಾರ್ತೆಯನ್ನು ಅರಸನಿಗೆ ಮುಟ್ಟಿಸುವುದು ಸಂಜಯನ ಕೆಲಸ. ಭೀಷ್ಮನು ಶರಶಯ್ಯೆಯಲ್ಲಿ ಒರಗಿದುದನ್ನು, ದ್ರೋಣನು ಅಳಿದುದನ್ನು, ಕರ್ಣನ ರಥಚಕ್ರ ನೆಲದಲ್ಲಿ ಹುದುಗಿದುದನ್ನು, ಕೊನೆಗೆ ದುರ್ಯೋಧನನ ತೊಡೆ ಮುರಿದುದನ್ನು ಅವನು ಇದ್ದುದಿದ್ದಂತೆ ಹೇಳಿದನು. ವಿದುರನಾದರೋ ಅರಮನೆಯ ಒಳಗುಟ್ಟನ್ನೇ ಹೊರಗೆಡಹಿದವನು. ವಾರಣಾವತದಲ್ಲಿ ಅರಗಿನ ಮನೆ ಕಾದಿದೆಯೆಂಬುದನ್ನು ಧರ್ಮರಾಯನೊಬ್ಬನಿಗೇ ತಿಳಿಯುವ ಗೂಢವಾದ ನುಡಿಯಲ್ಲಿ ಸೂಚಿಸಿ, ಸುರಂಗ ತೋಡುವವನನ್ನೂ ಕಳುಹಿಸಿ, ಕುಂತಿಯೊಡನೆ ಅವಳ ಐವರು ಮಕ್ಕಳ ಜೀವವನ್ನು ಉಳಿಸಿದನು.

‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬುದು ಜನರ ನಾಲಗೆಯ ಮೇಲಿರುವ ಮಾತು. ಹಾಗಾದರೆ ಇವರಿಬ್ಬರೂ ಸ್ವಾಮಿದ್ರೋಹಿಗಳೆ? ಅಲ್ಲವೆಂಬುದರಲ್ಲಿ ಮಹಾಭಾರತವನ್ನು ಓದಿದ ಯಾರಿಗೂ ಸಂಶಯವಿಲ್ಲ. ಏಕೆಂದರೆ ಅರಮನೆಯ ಉಪ್ಪು ಅರಸನು ಬೆಳೆದುದಲ್ಲ. ಪ್ರಜೆಗಳ ಕಂದಾಯದಿಂದ ಬಂದುದು. ಆ ಉಪ್ಪಿನ ಋಣವನ್ನು ತೀರಿಸುವ ದಾರಿ ಅರಸನ ಹೊಗಳಿಕೆಯಲ್ಲ, ಸತ್ಯದ ನಿವೇದನೆ. ಸರಕಾರದ ಹಣದಿಂದ ನಡೆಯುವ ಬಾನುಲಿ ಮತ್ತು ದೂರದರ್ಶನಗಳು ಇಂದಿನ ಸಂಜಯರು. ಕಚೇರಿಯ ಒಳಗಿದ್ದು ಅಲ್ಲಿಯ ಅಕ್ರಮವನ್ನು ಬಯಲಿಗೆಳೆಯುವವರು ಇಂದಿನ ವಿದುರರು. ಇವರಿಬ್ಬರ ಮೇಲೂ ಪ್ರಭುತ್ವದ ಕೈ ಭಾರವಾಗಿ ಬೀಳುತ್ತಿರುವುದು ಈ ಕಾಲದ ಒಂದು ದೊಡ್ಡ ಅನರ್ಥ.

ಕನ್ನಡ ನಾಡಿಗೆ ಬಾನುಲಿಯ ಸಂಬಂಧ ಹಳೆಯದು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಸುಂದರ ನಾಮ ಇಡೀ ದೇಶಕ್ಕೆ ದೊರೆತುದು ಆ ಕೇಂದ್ರದಿಂದಲೇ. 1950ರಲ್ಲಿ ಧಾರವಾಡದ ಕೇಂದ್ರ, 1966ರಲ್ಲಿ ಕಲಬುರ್ಗಿಯ ಕೇಂದ್ರ ಪ್ರಾರಂಭವಾದ ಮೇಲೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳ ಹಳ್ಳಿಹಳ್ಳಿಗೂ ಕನ್ನಡದ ವಾರ್ತೆ ತಲುಪಿತು. ಚಾವಡಿಯ ಕಟ್ಟೆಯ ಮೇಲೆ ಒಂದು ರೇಡಿಯೋ, ಅದರ ಸುತ್ತ ಹತ್ತಿಪ್ಪತ್ತು ಜನ. ‘ರೇಡಿಯೋದಾಗ ಹೇಳ್ಯಾರ’ ಎಂದರೆ ಅಲ್ಲಿಗೆ ವಾದ ಮುಗಿಯಿತು.

ಆ ನಂಬಿಕೆ ಸುಮ್ಮನೆ ಬಂದುದಲ್ಲ. ಭೀಮಾತೀರದ ರೈತನಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಹೊತ್ತಿಗೆ ಸರಿಯಾಗಿ ಬಂದರೆ ದನಕರು ಬದುಕುತ್ತವೆ. ಬಾರದಿದ್ದರೆ ಹೊಲಮನೆಗಳೊಡನೆ ಕೊಚ್ಚಿಹೋಗುತ್ತವೆ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಹರಿದುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಮಾಧಾನಕ್ಕಾಗಿ ನೀರಿನ ಪ್ರಮಾಣವನ್ನು ಕಡಿಮೆ ಮಾಡಿ ಹೇಳಿದರೆ ಹೊಳೆಯೇನೂ ಕಡಿಮೆಯಾಗುವುದಿಲ್ಲ. ರಾಜ್ಯದ ವಿಷಯದಲ್ಲಿಯೂ ಇದೇ ಮಾತು ಸತ್ಯ.

ಆದರೆ ವಾರ್ತೆಯ ಬಾಯಿ ಕಟ್ಟುವ ಹವ್ಯಾಸ ಅಧಿಕಾರಕ್ಕೆ ಹೊಸದಲ್ಲ. 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ವೃತ್ತಪತ್ರಿಕೆಗಳ ಮೇಲೆ ಕಠಿಣವಾದ ಕಾನೂನನ್ನು ಹೇರಿತು. ಪತ್ರಿಕೆ ನಡೆಸಲು ಸರಕಾರದ ಅಪ್ಪಣೆ ಬೇಕು. ಆ ಅಪ್ಪಣೆಯನ್ನು ಸರಕಾರ ಬೇಕಾದಾಗ ಹಿಂದಕ್ಕೆ ಪಡೆಯಬಹುದು. ತಾತಯ್ಯನೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಅಂಥ ಅಪ್ಪಣೆಗೆ ತಲೆಬಾಗಿ ಬರೆಯುವುದಕ್ಕಿಂತ ಬರೆಯದಿರುವುದೇ ಲೇಸೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಅರಸು ಮನೆತನವನ್ನು ಗೌರವಿಸುತ್ತಿದ್ದ ಒಬ್ಬ ಮಾಸ್ತರರ ಸತ್ಯನಿಷ್ಠೆ ಅದು.

ಸ್ವಾತಂತ್ರ್ಯ ಬಂದ ಮೇಲೂ ಆ ಹವ್ಯಾಸ ಹೋಗಲಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಪತ್ರಿಕೆಗಳು ಅಚ್ಚಿಗೆ ಮೊದಲು ಸರಕಾರದ ಪರೀಕ್ಷೆಗೆ ಒಳಪಟ್ಟವು. ಮರುವರ್ಷ ನಾಲ್ಕು ಸುದ್ದಿಸಂಸ್ಥೆಗಳನ್ನು ಕೂಡಿಸಿ ‘ಸಮಾಚಾರ’ ಎಂಬ ಒಂದೇ ಸಂಸ್ಥೆಯನ್ನು ಮಾಡಲಾಯಿತು. ಸರಕಾರದ ಪ್ರಚಾರಕ್ಕೆ ಹಾಡಲು ಒಪ್ಪದ ಗಾಯಕ ಕಿಶೋರ್ ಕುಮಾರರ ಹಾಡುಗಳನ್ನು ಆಕಾಶವಾಣಿಯಿಂದ ಹೊರಗಿಡಲಾಯಿತು. ಜೈಲಿಗೆ ಹೋದವರ ಸುದ್ದಿ ಆಕಾಶವಾಣಿಯಲ್ಲಿ ಬಾರದಿದ್ದಾಗ ಜನರು ರಾತ್ರಿ ಲಂಡನ್ನಿನ ಬಿ.ಬಿ.ಸಿ. ಪ್ರಸಾರಕ್ಕೆ ಕಿವಿಗೊಡತೊಡಗಿದರು. ತನ್ನ ಮನೆಯ ಸುದ್ದಿಯನ್ನು ಪಕ್ಕದ ಮನೆಯವನಿಂದ ಕೇಳಿ ತಿಳಿಯಬೇಕಾದ ಗೃಹಸ್ಥನ ಸ್ಥಿತಿ ದೇಶಕ್ಕೆ ಒದಗಿತು.

ಆ ಪಾಠವನ್ನು ದೇಶ ಅರ್ಧ ಕಲಿಯಿತು. ಬಿ. ಜಿ. ವರ್ಗೀಸ್ ಸಮಿತಿ 1978ರಲ್ಲಿ ಸ್ವಾಯತ್ತ ಸಂಸ್ಥೆಯನ್ನು ಸೂಚಿಸಿತು. ‘ಪ್ರಸಾರ ಭಾರತಿ’ ಕಾಯಿದೆ 1990ರಲ್ಲಿ ಆಯಿತು. ಜಾರಿಗೆ ಬಂದುದು 1997ರಲ್ಲಿ. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಹೇಳಿದ್ದುಂಟು. ಆದರೂ ಹಣದ ಚೀಲದ ದಾರ ಇಂದಿಗೂ ಸರಕಾರದ ಕೈಯಲ್ಲಿಯೇ ಇದೆ. ಯಾವ ಪಕ್ಷ ಅಧಿಕಾರಕ್ಕೆ ಬಂದರೂ ದಾರವನ್ನು ಬಿಟ್ಟುಕೊಡಲು ಅದಕ್ಕೆ ಮನಸ್ಸಾಗದು.

ಇದು ಭಾರತದ ಕಥೆ ಮಾತ್ರವೇ? ಅಲ್ಲ. 1956ರಲ್ಲಿ ಸುಯೆಜ್ ಕಾಲುವೆಯ ಪ್ರಸಂಗದಲ್ಲಿ ಬ್ರಿಟನ್ನಿನ ಪ್ರಧಾನಿ ಈಡನ್ ಅವರ ಸರಕಾರ ಬಿ.ಬಿ.ಸಿ.ಯ ಮೇಲೆ ಒತ್ತಡ ತಂದಿತು. ಆದರೂ ವಿರೋಧ ಪಕ್ಷದ ನಾಯಕನ ಉತ್ತರವನ್ನು ಬಿ.ಬಿ.ಸಿ. ಪ್ರಸಾರ ಮಾಡಿತು. ಅಮೇರಿಕೆಯ ಸರಕಾರ 1942ರಲ್ಲಿ ಸ್ಥಾಪಿಸಿದ ‘ವಾಯ್ಸ್ ಆಫ್ ಅಮೇರಿಕಾ’ದ ಸಾವಿರಕ್ಕೂ ಹೆಚ್ಚು ಸಿಬ್ಬಂದಿಯನ್ನು 2025ರ ಮಾರ್ಚಿಯಲ್ಲಿ ಅಧ್ಯಕ್ಷರ ಆಜ್ಞೆಯ ಬೆನ್ನಲ್ಲೇ ಮನೆಗೆ ಕಳುಹಿಸಲಾಯಿತು. 2022ರಲ್ಲಿ ಯುಕ್ರೇನ್ ಯುದ್ಧದ ಕಾರಣ ಯೂರೋಪಿನ ಒಕ್ಕೂಟ ರಷ್ಯದ ಸರಕಾರಿ ವಾಹಿನಿಯನ್ನು ನಿಷೇಧಿಸಿತು. ಜರ್ಮನಿಯ ಪ್ರಸಾರ ಸಂಸ್ಥೆಯ ಮಾಸ್ಕೋ ಕಚೇರಿಯನ್ನು ರಷ್ಯ ಅದೇ ವರ್ಷ ಮುಚ್ಚಿಸಿತು. ಕತಾರಿನ ಹಣದಿಂದ ನಡೆಯುವ ‘ಅಲ್ ಜಜೀರಾ’ದ ಬಾಗಿಲನ್ನು 2024ರಲ್ಲಿ ಇಸ್ರೇಲ್ ತನ್ನ ನೆಲದಲ್ಲಿ ಮುಚ್ಚಿಸಿತು.

ಇಲ್ಲಿ ಒಂದು ಆಕ್ಷೇಪವುಂಟು, ಅದನ್ನು ತಳ್ಳಿಹಾಕಲಾಗದು. ಪರದೇಶದ ಸರಕಾರಿ ವಾಹಿನಿ ಸಂಜಯನಲ್ಲ, ಶಕುನಿ. ಅದು ಸುದ್ದಿಯ ವೇಷದಲ್ಲಿ ಕಪಟದ ದಾಳವನ್ನು ಉರುಳಿಸುತ್ತದೆ ಎನ್ನುವರು. ಕೆಲವೆಡೆ ಇದು ನಿಜವೇ. ಆದರೆ ಶಕುನಿ ಯಾರು, ಸಂಜಯ ಯಾರು ಎಂಬುದನ್ನು ತೀರ್ಮಾನಿಸುವ ಅಧಿಕಾರವನ್ನು ಧೃತರಾಷ್ಟ್ರನಿಗೇ ಕೊಟ್ಟರೆ ಅವನು ಮೊದಲು ಹೊರಹಾಕುವುದು ಸಂಜಯನನ್ನು. ಸುಳ್ಳಿಗೆ ಮದ್ದು ಸತ್ಯದ ಪ್ರಸಾರ; ನಿಷೇಧ ಬೇಕೇ ಆದಲ್ಲಿ ಅದು ಕಾರಣಸಹಿತವಾಗಿ, ನ್ಯಾಯಾಲಯದ ಎದುರು ನಿಲ್ಲುವಂತಿರಬೇಕು.

ವಿದುರರ ಪಾಡು ಇನ್ನೂ ಕಷ್ಟದ್ದು. ಸರಕಾರಗಳ ಗುಪ್ತ ಕಾಗದಪತ್ರಗಳನ್ನು ಬಹಿರಂಗಪಡಿಸುವ ‘ವಿಕಿಲೀಕ್ಸ್’ ಎಂಬ ಅಂತರಜಾಲ ತಾಣ 2006ರಲ್ಲಿ ಹುಟ್ಟಿತು. 2010ರಲ್ಲಿ ಅದು ಅಮೇರಿಕೆಯ ಯುದ್ಧದ ದಾಖಲೆಗಳನ್ನು ಪ್ರಕಟಿಸಿದ ಮೇಲೆ, ಅದಕ್ಕೆ ದೇಣಿಗೆ ಸಾಗಿಸುತ್ತಿದ್ದ ದೊಡ್ಡ ಹಣಕಾಸು ಸಂಸ್ಥೆಗಳು ಕೈ ಹಿಂದೆಗೆದವು. ಅದರ ಸ್ಥಾಪಕ ಜೂಲಿಯನ್ ಅಸಾಂಜ್ ಲಂಡನ್ನಿನಲ್ಲಿ ಏಳು ವರ್ಷ ರಾಯಭಾರ ಕಚೇರಿಯೊಂದರ ಆಶ್ರಯದಲ್ಲಿಯೂ ಐದು ವರ್ಷ ಸೆರೆಮನೆಯಲ್ಲಿಯೂ ಕಳೆದು, 2024ರ ಜೂನಿನಲ್ಲಿ ಒಂದು ಆರೋಪವನ್ನು ಒಪ್ಪಿಕೊಂಡು ಬಿಡುಗಡೆ ಹೊಂದಿದರು. ಆ ತಾಣ ಪ್ರಕಟಿಸಿದುದೆಲ್ಲವೂ ಯುಕ್ತವೆನ್ನಲಾಗದು. ಹೆಸರು ಬಯಲಾದರೆ ನಿರಪರಾಧಿಯ ಜೀವಕ್ಕೆ ಅಪಾಯವುಂಟು. ವಿದುರನು ಗುಟ್ಟನ್ನು ಸಂತೆಯಲ್ಲಿ ಸಾರಲಿಲ್ಲ. ಅಪಾಯದಲ್ಲಿದ್ದವರಿಗೆ ಮಾತ್ರ ತಿಳಿಸಿದನು. ಆ ವಿವೇಕವನ್ನು ಕೇಳುವುದು ನ್ಯಾಯ. ಆದರೆ ಗುಟ್ಟು ಹೇಳಿದವನನ್ನು ಹಿಂಸಿಸಿ, ಅರಗಿನ ಮನೆ ಕಟ್ಟಿದವನನ್ನು ವಿಚಾರಿಸದೆ ಬಿಡುವುದು ಯಾವ ನ್ಯಾಯ?

ಕನ್ನಡ ನಾಡಿನಲ್ಲಿಯೂ ಇಂಥವರು ಇದ್ದರು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ ಎಂಬ ತರುಣ ಉತ್ತರ ಪ್ರದೇಶದಲ್ಲಿ ತೈಲ ಕಂಪನಿಯ ಅಧಿಕಾರಿಯಾಗಿದ್ದು, ಕಲಬೆರಕೆ ತೈಲ ಮಾರುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ್ದಕ್ಕಾಗಿ 2005ರ ನವೆಂಬರದಲ್ಲಿ ಗುಂಡಿಗೆ ಬಲಿಯಾದನು. ಸಹಕಾರ ಇಲಾಖೆಯ ಲೆಕ್ಕಪರಿಶೋಧನಾ ಅಧಿಕಾರಿ ಎಸ್. ಪಿ. ಮಹಾಂತೇಶರು ಗೃಹ ನಿರ್ಮಾಣ ಸಂಘಗಳ ಅವ್ಯವಹಾರಗಳನ್ನು ಎತ್ತಿ ತೋರಿಸಿದವರು. 2012ರ ಮೇ ತಿಂಗಳಲ್ಲಿ ಬೆಂಗಳೂರಿನ ಬೀದಿಯಲ್ಲಿ ಹಲ್ಲೆಗೊಳಗಾಗಿ ಐದು ದಿನಗಳಲ್ಲಿ ತೀರಿಕೊಂಡರು. ಇಂಥವರ ರಕ್ಷಣೆಗೆಂದು ಸಂಸತ್ತು ಮಾಡಿದ ಶಾಸನಕ್ಕೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹತ್ತು ವರ್ಷ ಕಳೆದರೂ ಅದು ಜಾರಿಗೆ ಬರಲಿಲ್ಲ. ಕೊಡೆ ಕೊಂಡುತಂದು ಗೂಟಕ್ಕೆ ತೂಗುಹಾಕಿ, ಮನೆಯವರನ್ನು ಮಳೆಗೆ ಕಳುಹಿಸಿದಂತಾಯಿತು.

ಬೆದರಿಕೆ ಯಾವಾಗಲೂ ಸರಕಾರದಿಂದಲೇ ಬರಬೇಕೆಂದಿಲ್ಲ. ಸಿಂದಗಿ ತಾಲೂಕಿನಲ್ಲಿ ಹುಟ್ಟಿ, ಶಾಸನ ಮತ್ತು ವಚನಗಳ ಸಂಶೋಧನೆಯಲ್ಲಿ ಬಾಳನ್ನು ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ಅವರ ನಿರ್ಣಯಗಳನ್ನೆಲ್ಲ ಒಪ್ಪದವರು ಪಂಡಿತರಲ್ಲಿಯೇ ಇದ್ದರು. ಲೇಖನಕ್ಕೆ ಲೇಖನದಿಂದ ಉತ್ತರ ಕೊಡುವುದು ಪಂಡಿತರ ದಾರಿ. ಅವರನ್ನು ಕೊಂದವರಿಗೆ ಆ ದಾರಿ ಬೇಕಿರಲಿಲ್ಲ. ಒಪ್ಪದ ಮಾತನ್ನು ಕೇಳುವ ತಾಳ್ಮೆಯನ್ನು ಪ್ರಭುಗಳು ಕಳೆದುಕೊಂಡ ನಾಡಿನಲ್ಲಿ ಪ್ರಜೆಗಳೂ ಅದನ್ನು ಬೇಗನೆ ಕಳೆದುಕೊಳ್ಳುತ್ತಾರೆ.

ಆ ತಾಳ್ಮೆಯನ್ನು ಕಲಿಸಬೇಕಾದ ಮೊದಲ ಸ್ಥಳ ಶಾಲೆ. ಧರ್ಮಸಂಸ್ಥೆಗಳು ನಡೆಸುವ ವಿದ್ಯಾಲಯಗಳು ದಾನಿಗಳ ಔದಾರ್ಯದಿಂದ ಬೆಳೆದಿವೆ. ಯಾರೋ ಒಬ್ಬರು ಜೋಳದ ಚೀಲ ಕೊಟ್ಟರು, ಯಾರೋ ಒಬ್ಬರು ಕೋಣೆ ಕಟ್ಟಿಸಿದರು. ಅವರ ಹೆಸರು ಗೋಡೆಯ ಕಲ್ಲಿನಲ್ಲಿ ಇರುವುದು ಯೋಗ್ಯವೇ. ಆದರೆ ಆ ಕೋಣೆಯೊಳಗೆ ಗುರುವು ಹೇಳುವ ಇತಿಹಾಸ, ಹಾಕುವ ಅಂಕ, ತಿದ್ದುವ ತಪ್ಪು ದಾನಿಯ ಇಷ್ಟಕ್ಕೆ ಒಳಪಟ್ಟುದಲ್ಲ. ದಾನಿಯ ಮಗನ ಉತ್ತರ ತಪ್ಪಾದರೆ ತಪ್ಪೇ. ಇದನ್ನು ಬಲ್ಲ ದಾನಿಯೇ ನಿಜವಾದ ದಾನಿ. ಸರಕಾರವೂ ತನ್ನ ವಾರ್ತಾಸಂಸ್ಥೆಗಳಿಗೆ ಕೊಡುವ ಹಣವನ್ನು ಇದೇ ಭಾವದಿಂದ ಕೊಡುವುದನ್ನು ಕಲಿಯಬೇಕಾಗಿದೆ. ಶಾಲೆಯ ಕೋಣೆಯಲ್ಲಿ ಈ ಮರ್ಯಾದೆಯನ್ನು ಕಂಡ ಹುಡುಗನೇ ಮುಂದೆ ವಾರ್ತೆ ಓದುವವನಾಗಿ, ಲೆಕ್ಕ ನೋಡುವವನಾಗಿ, ಮಂತ್ರಿಯಾಗಿ ಅದನ್ನು ಕಾಯಬಲ್ಲನು.

ಧೃತರಾಷ್ಟ್ರನು ಒಮ್ಮೆ ಸಿಟ್ಟಿಗೆದ್ದು, ಬೇಕಾದಲ್ಲಿಗೆ ಹೋಗೆಂದು ವಿದುರನನ್ನು ಹೊರದೂಡಿದನು. ವಿದುರನು ಕಾಮ್ಯಕವನಕ್ಕೆ ನಡೆದನು. ಆದರೆ ಅರಸನಿಗೆ ನೆಮ್ಮದಿಯಿಲ್ಲ. ಪಶ್ಚಾತ್ತಾಪದಿಂದ ಬೆಂದು, ಅವನನ್ನು ಮರಳಿ ಕರೆತರಲು ದೂತನನ್ನು ಕಳುಹಿಸಿದನು. ಆ ದೂತನು ಸಂಜಯ. ಕುರುಡು ಅರಸನಿಗೂ ಅಷ್ಟು ತಿಳಿವಿತ್ತು. ಅವನು ಅವರಿಬ್ಬರನ್ನೂ ಬಳಿಯಲ್ಲಿ ಇರಿಸಿಕೊಂಡನು. ಅವರ ಮಾತನ್ನು ನಡೆಸಲಿಲ್ಲವಾದುದರಿಂದ ಕೆಟ್ಟನು. ಅವರನ್ನು ಬಳಿಯಲ್ಲಿಯೂ ಇರಗೊಡದ ಪ್ರಭುತ್ವದ ಗತಿ ಏನಾದೀತು?